ನನ್ನ ಪಟ್ಟಿಯಲ್ಲಿ ಎಲ್ಲರ ಹೆಸರೂ ಇತ್ತು

ನಾನು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭಾ ದಂಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ. ಪೂರ್ತಿ ಹೆಸರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಹಾಗೆ ಯಾರೂ ಕರೆಯುವುದಿಲ್ಲ. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ, ನನ್ನ ಎಡಗಾಲಿಗೂ ಪೋಲಿಯೊ. ಮಾಸಾಶನದ ಅರ್ಜಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಮೀಸಲಿಡುವ ಶೇ 5ರ ಅನುದಾನಕ್ಕೆ ಓಡಾಟ, ದಿನಾ ಇದೇ. ಗೌರವಧನ ಎಷ್ಟು ಅಂತ ಮಾತ್ರ ಕೇಳಬೇಡಿ.

2019ರ ಆಗಸ್ಟಿನಲ್ಲಿ ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟರು, ಮಾರ್ಕಂಡೇಯ ನದಿ ಬೇರೆ ತುಂಬಿ ಬಂದು ಸೇರಿತು, ಹೊಳೆ ಊರೊಳಗೇ ಬಂತು. ಹಿಂದಿನ ದಿನ ಪಿಡಿಒ ಸಾಹೇಬರು ಫೋನ್ ಮಾಡಿ "ನಿಮ್ಮ ಕಡೆ ಅಂಗವಿಕಲರ ಪಟ್ಟಿ ಐತೇನ್ರಿ?" ಅಂದರು. ಹತ್ತೇ ನಿಮಿಷದಲ್ಲಿ ವಾಟ್ಸಾಪ್‌ಗೆ ಹಾಕಿದೆ. ಹೆಸರು, ತಂದೆಯ ಹೆಸರು, ವಯಸ್ಸು, ಯಾವ ವೈಕಲ್ಯ, ಶೇಕಡಾ ಎಷ್ಟು, ಕಾರ್ಡ್ ನಂಬರ್. ಒಂದು ಕಾಲಂ ಕೂಡ ಖಾಲಿ ಇರಲಿಲ್ಲ. ಸ್ವಲ್ಪ ಹೆಮ್ಮೆಯೇ ಆಯಿತು ಅನ್ನಿ.

ರಾತ್ರಿ ಟ್ರ್ಯಾಕ್ಟರ್ ತಂದ ಹುಡುಗರು ಆ ಪಟ್ಟಿ ನೋಡಿ ಕೇಳಿದ ಮೊದಲ ಮಾತು, "ಇವರ ಮನಿ ಎಲ್ಲಿ ಬರ್ತೈತ್ರಿ?" ಪಟ್ಟಿಯಲ್ಲಿ ಮನೆ ಇರಲಿಲ್ಲ. ಶೇ 75 ಅಂತ ಇತ್ತು. ಶೇ 75 ಅಂದರೆ ನಡೆಯುತ್ತಾರೋ, ಹೊರಬೇಕೋ? ಒಬ್ಬರು ಸಾಕೋ, ನಾಲ್ವರು ಬೇಕೋ? ಆ ಅಂಕಿ ಡಾಕ್ಟರು ಸರ್ಟಿಫಿಕೇಟಿಗೆ ಬರೆದದ್ದು, ಟ್ರ್ಯಾಕ್ಟರ್ ಹುಡುಗರಿಗೆ ಅದರಿಂದ ಏನು ತಿಳಿಯಬೇಕು?

ಸಂಜೆಯೇ ಡಂಗುರ ಸಾರಿಸಿದ್ದರು. ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿ ತಿರುಗಿದ್ದೂ ನಿಜ. ಆದರೆ ಕೆಳಗಿನ ಓಣಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ, ಅವರು ಎಂದಿನಂತೆ ಉಂಡು ಕದ ಹಾಕಿ ಮಲಗಿದ್ದರು. ನಾವು ಹೋದಾಗ ಹೊಸ್ತಿಲಿಗೆ ನೀರು ಮುಟ್ಟಿತ್ತು. ಕದ ಬಡಿದರೆ ಏನು ಉಪಯೋಗ? ಕೊನೆಗೆ ಒಬ್ಬ ಹುಡುಗ ಹೆಂಚು ಸರಿಸಿ ಮೊಬೈಲ್ ಬೆಳಕು ಬಿಟ್ಟ, ಆಗ ಎದ್ದರು. ಎದ್ದ ಮೇಲೂ ಪೇಚಾಟ, ಯಾಕೆಂದರೆ ಊರಿಗೇ ಕರೆಂಟ್ ತೆಗೆದಿದ್ದರು, ಕತ್ತಲಲ್ಲಿ ಕೈಸನ್ನೆ ಕಾಣುವುದಿಲ್ಲ. ಇಷ್ಟು ವರ್ಷ ಅವರ ಜೊತೆ ಸನ್ನೆಯಲ್ಲೇ ಮಾತಾಡಿದ ನನಗೆ ಇದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಬ್ಯಾಟರಿ ಬೆಳಕನ್ನು ಅವರ ಕಣ್ಣಿಗೆ ಬಿಡದೆ, ನನ್ನ ಮುಖಕ್ಕೂ ಕೈಗೂ ಹಿಡಿದು ಹೇಳಬೇಕಾಯಿತು.

ಇನ್ನೊಬ್ಬರು ನಮ್ಮ ಕಾಕಾ, ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಹುಡುಗರು ರಟ್ಟೆ ಕಾಲು ಹಿಡಿದು ಮೂಟೆ ಹೊತ್ತ ಹಾಗೆ ಹೊತ್ತರು. ನೋವಾಗಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು, ಎಲ್ಲಿ ಹಿಡಿಯಬೇಕು ಅಂತ ಯಾರೂ ಅವರನ್ನೇ ಕೇಳಲಿಲ್ಲ. ಅವರು ಮೂರು ಗಾಲಿಯ ಸೈಕಲ್ ಕಡೆ ಕೈ ತೋರಿಸಿದರು. "ಜೀವ ಉಳಿದ್ರ ಸಾಕು ಕಾಕಾ, ಸೈಕಲ್ ಆಮ್ಯಾಲೆ ನೋಡೂಣು" ಅಂದವನು ನಾನೇ. ಪೋಲಿಯೊ ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ನಿಂತಿದ್ದ ನಾನು!

ಕಾಳಜಿ ಕೇಂದ್ರ ಎತ್ತರದ ಶಾಲೆಯಲ್ಲಿತ್ತು. ಬಾಗಿಲಿಗೆ ಮೂರು ಮೆಟ್ಟಿಲು, ಶೌಚಾಲಯ ಹಿಂದುಗಡೆ ಕೆಸರಿನಾಚೆ. ಊಟಕ್ಕೇನೂ ಕೊರತೆ ಇರಲಿಲ್ಲ, ಸುಳ್ಳು ಹೇಳಬಾರದು. ಆದರೆ ಕಾಕಾ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನೀರು ಕುಡಿದರೆ ಹೋಗಬೇಕು, ಹೋಗಬೇಕೆಂದರೆ ಯಾರನ್ನಾದರೂ ಕರೆಯಬೇಕು, ಎಷ್ಟು ಸಲ ಅಂತ ಕರೆಯುತ್ತಾರೆ? ಮೂರನೇ ದಿನ ಜ್ವರ, ಉರಿಮೂತ್ರ. ಡಾಕ್ಟರು ಬಂದು ಬೈದ ಮೇಲೆ ನಮಗೆ ಗೊತ್ತಾಯಿತು. ಅವತ್ತೇ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು, ಕೆಳಗೆ ಬಕೆಟ್ ಇಟ್ಟು, ಮೂಲೆಯಲ್ಲಿ ಎರಡು ಹಳೆ ಸೀರೆ ಕಟ್ಟಿ ಮರೆ ಮಾಡಿದೆವು. ಅರ್ಧ ಗಂಟೆಯ ಕೆಲಸ. ಅದಕ್ಕೆ ಮೂರು ದಿನ ಬೇಕಾಯಿತಲ್ಲ ಅನ್ನುವುದು ಈಗಲೂ ಚುಚ್ಚುತ್ತದೆ. ಕಣ್ಣು ಕಾಣದ ಇನ್ನೊಬ್ಬರಿಗೆ ಅವರ ಹಾಸಿಗೆಯಿಂದ ಶೌಚಾಲಯದವರೆಗೆ ಹಗ್ಗ ಕಟ್ಟಿದೆವು. ಮಕ್ಕಳು ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದವು, ಅದು ಬೇರೆ ಜಗಳ.

ಕಾಕಾ ಜ್ವರ ಬಿಟ್ಟ ಮೇಲೆ ನನಗೆ ಹೇಳಿದ್ದು: "ನನ್ನನ್ನೇನೋ ತಂದ್ರಿ. ನನ್ನ ಕಾಲ ಅಲ್ಲೇ ಬಿಟ್ಟ ಬಂದ್ರಲ್ಲೋ ತಮ್ಮಾ." ನೀರಿಳಿದ ಮೇಲೆ ಸೈಕಲ್ ಸಿಕ್ಕಿತು, ಬೇರಿಂಗ್ ಒಳಗೆಲ್ಲ ಕೆಸರು. ಸರ್ಕಾರ ಕುಟುಂಬಕ್ಕೆ 10,000 ರೂಪಾಯಿ ತುರ್ತು ಪರಿಹಾರ ಕೊಟ್ಟಿತು. ಪಾತ್ರೆ ಪಗಡೆ ಹೋದ ಮನೆಗೂ ಅಷ್ಟೇ, ಪಾತ್ರೆಯ ಜೊತೆ ಸೈಕಲ್ಲೂ ಹೋದ ಮನೆಗೂ ಅಷ್ಟೇ.

ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಇರುವುದೇ ಇದಕ್ಕೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡಿರಬೇಕು, ಅಪಾಯ ಬಂದರೆ ಅವರಿಗೆ ತಿಳಿಸಬೇಕು ಅನ್ನುತ್ತದೆ. ರಾಷ್ಟ್ರೀಯ ಪ್ರಾಧಿಕಾರದ ಮಾರ್ಗಸೂಚಿಯೂ ಬಂತು, ನಮ್ಮೂರಿಗೆ ನೀರು ಬಂದು ಹೋದ ಮರು ತಿಂಗಳು, 2019ರ ಸೆಪ್ಟೆಂಬರಿನಲ್ಲಿ. ಆದರೆ ಮೇಲಿನವರು ವಿವರ ಇಡುವುದೂ ಕೆಳಗಿನಿಂದ ನಾನು ಕಳಿಸಿದ ಪಟ್ಟಿಯ ಮೇಲೆಯೇ ಅಲ್ವಾ? ಅದರಲ್ಲಿ ಮನೆಯೇ ಇಲ್ಲ ಅಂದರೆ ಯಾವ ಕಾಯ್ದೆ ಬಂದು ಕದ ತಟ್ಟುತ್ತದೆ?

ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡೆ. ಶೇಕಡಾ, ಕಾರ್ಡ್ ನಂಬರ್ ಯಾವುದೂ ಅದರಲ್ಲಿಲ್ಲ. ಮನೆ ಗುರುತು, "ಮಸೀದಿ ಹಿಂದೆ, ಬೇವಿನ ಮರದ ಎದುರು" ಅನ್ನುವ ಹಾಗೆ. ಎಬ್ಬಿಸುವವರು ಯಾರು. ಹೊರಬೇಕಾದರೆ ಎಷ್ಟು ಜನ, ಎಲ್ಲಿ ಹಿಡಿಯಬೇಕು. ಜೊತೆಗೆ ಏನು ಬರಲೇಬೇಕು: ಕೋಲು, ಸೈಕಲ್, ಕ್ಯಾಲಿಪರ್, ಫಿಟ್ಸ್ ಮಾತ್ರೆ, ಮೂತ್ರದ ಪೈಪು. ಒಬ್ಬ ಹುಡುಗನಿಗೆ ಒಂದು ಹಸಿರು ಟವೆಲ್, ಅದು ಕೈಯಲ್ಲಿ ಇಲ್ಲದಿದ್ದರೆ ಜನರ ಗದ್ದಲದಲ್ಲಿ ಅವನು ತಲೆ ಚಚ್ಚಿಕೊಳ್ಳುತ್ತಾನೆ, ಅಂತ ಅವನ ಅವ್ವ ಬರೆಸಿದಳು. ಇವನ್ನೆಲ್ಲ ಮನೆ ಮನೆಗೆ ಹೋಗಿ ಅವರನ್ನೇ ಕೇಳಿ ಬರೆದೆ. ಆಫೀಸಿನಲ್ಲಿ ಕೂತು ತುಂಬಿಸಿದ್ದರೆ ಟವೆಲ್ ಅಂತ ಯಾರು ಬರೆಯುತ್ತಿದ್ದರು?

2021ರ ಜುಲೈಯಲ್ಲಿ ಮತ್ತೆ ಹೊಳೆ ಬಂತು. ಈ ಸಲ ಮೈಕಿನ ಆಟೋ ಬರುವ ಮುಂಚೆಯೇ ನಾವು ಕೆಲವರನ್ನು ಹಗಲು ಹೊತ್ತಿನಲ್ಲೇ ಸಾಗಿಸಿದೆವು. ಕಾಕಾನ ಸೈಕಲ್ ಟ್ರ್ಯಾಕ್ಟರಿನಲ್ಲಿ ಮೊದಲು ಏರಿತು, ಕಾಕಾ ಆಮೇಲೆ. ಎಲ್ಲಾ ಸರಿಯಾಯಿತು ಅಂತೇನಿಲ್ಲ. ಒಬ್ಬ ಮುದುಕಿ ಎಮ್ಮೆ ಬಿಟ್ಟು ಬರುವುದೇ ಇಲ್ಲ ಅಂತ ಹಟ ಹಿಡಿದು ಕೂತಳು, ಎಮ್ಮೆಯ ಕಾಲಂ ನನ್ನ ಪುಸ್ತಕದಲ್ಲಿರಲಿಲ್ಲ. ಈಗ ಇದೆ.

ಕೆಳಗಿನ ಓಣಿಯ ಗಂಡ ಹೆಂಡತಿಯನ್ನು ಆ ಸಲ ಎಬ್ಬಿಸಿದ್ದು ಪಕ್ಕದ ಮನೆ ಹುಡುಗಿ, ಕದದ ಒಂದು ಕೀಲಿಕೈ ಅವಳ ಹತ್ತಿರವೇ ಇಟ್ಟಿದ್ದೆವು. ಅವಳಿಗೆ ಈ ಬೇಸಿಗೆಯಲ್ಲಿ ಮದುವೆಯಾಯಿತು, ಗಂಡನ ಮನೆ ಜಮಖಂಡಿ ಕಡೆ. ಕೀಲಿಕೈ ತಂದು ನನ್ನ ಕೈಗೆ ಕೊಟ್ಟು ಹೋದಳು. ಮಳೆ ಹಿಡಿಯುವ ಮುಂಚೆ ಆ ಓಣಿಯಲ್ಲಿ ಇನ್ನೊಬ್ಬರನ್ನು ಹುಡುಕಬೇಕು.