ಜಪಾನಿನ ಕೇ ಟ್ರಕ್ ಅಮೆರಿಕಕ್ಕೆ ತರುವುದಾದರೆ: ಹರಾಜಿಗಿಂತ ಮೊದಲು ನೋಂದಣಿ ಕಚೇರಿ

ಓಮ್ನಿ ಓಡಿಸಿದವರಿಗೆ ಜಪಾನಿನ ಕೇ ಟ್ರಕ್ (ಅಲ್ಲಿಯ ಅತಿ ಚಿಕ್ಕ ವಾಹನ ವರ್ಗದ ಟ್ರಕ್) ತೀರಾ ಹೊಸದೆನಿಸುವುದಿಲ್ಲ. ಮೂತಿಯೇ ಇಲ್ಲದ ಮುಖ, 12 ಇಂಚಿನ ಚಕ್ರ, ಬಹುಪಾಲು ಮಾದರಿಗಳಲ್ಲಿ ಸೀಟಿನ ಕೆಳಗೇ ಎಂಜಿನ್. ಓಮ್ನಿ ಹುಟ್ಟಿದ್ದೇ ಸುಜುಕಿ ಕ್ಯಾರಿಯಿಂದ. ಮಾರುತಿ 800ರ ಎಫ್8ಬಿ ಎಂಜಿನ್ನೂ ತೊಂಬತ್ತರ ದಶಕದ ಕ್ಯಾರಿಯ ಎಫ್6ಎ ಎಂಜಿನ್ನೂ ಒಂದೇ ವಂಶದವು. ಕ್ಯಾರಿ, ಹೋಂಡಾ ಆಕ್ಟಿ, ಸುಬಾರು ಸಾಂಬಾರ್ (ಹೌದು, ಹೆಸರೇ ಹಾಗೆ), ಡೈಹಾಟ್ಸು ಹೈಜೆಟ್, ಮಿತ್ಸುಬಿಷಿ ಮಿನಿಕ್ಯಾಬ್ ಈ ಐದೂ ಒಂದೇ ಅಳತೆಗೆ ಹೊಲಿದವು: 660 ಸಿಸಿ ಮೀರದ ಎಂಜಿನ್, 350 ಕಿಲೋ ಹೊರೆ, 1998ರ ಅಕ್ಟೋಬರ್‌ನಲ್ಲಿ ಬಂದ ನಿಯಮದ ಪ್ರಕಾರ 3.4 ಮೀಟರ್ ಉದ್ದ, 1.48 ಮೀಟರ್ ಅಗಲ. ಅದಕ್ಕೂ ಹಿಂದಿನವು ಇನ್ನೂ 10 ಸೆಂಟಿಮೀಟರ್ ಗಿಡ್ಡ.

ಅಮೆರಿಕದಲ್ಲಿ ಇವನ್ನು ಯಾವ ಕಂಪನಿಯೂ ಹೊಸದಾಗಿ ಮಾರುವುದಿಲ್ಲ. ಆದರೂ ತೋಟ, ನರ್ಸರಿ, ಸಣ್ಣ ಫಾರ್ಮ್ ಇಟ್ಟುಕೊಂಡವರು ಜಪಾನಿನಿಂದ ತರಿಸಿಕೊಳ್ಳುತ್ತಿದ್ದಾರೆ. ಟೆಕ್ಸಾಸ್, ನಾರ್ತ್ ಕ್ಯಾರೊಲೈನಾ ಕಡೆ ಜಾಗ ಮಾಡಿಕೊಂಡಿರುವ ನಮ್ಮವರಿಗೂ ಇದರ ಆಸೆ ಹುಟ್ಟಬಹುದು. ಎಲ್ಲರೂ ಶುರು ಮಾಡುವುದು ಹರಾಜಿನ ಫೋಟೋ ನೋಡುವುದರಿಂದ, ಮುಗಿಸುವುದು ರಾಜ್ಯದ ಡಿಎಂವಿ, ಅಂದರೆ ವಾಹನ ನೋಂದಣಿ ಕಚೇರಿಯ, ಕೌಂಟರಿನಲ್ಲಿ. ಈ ಕ್ರಮವನ್ನು ತಿರುಗಿಸಬೇಕು. ಬಂದರಿನಲ್ಲಿ ಕಾನೂನು ಸ್ಪಷ್ಟವಾಗಿದೆ, ಅಲ್ಲಿ ಸಿಕ್ಕಿಬೀಳುವವರು ಕಡಿಮೆ. ಗಾಡಿ ಮನೆಯಂಗಳಕ್ಕೆ ಬಂದ ಮೇಲೆ ನಂಬರ್ ಪ್ಲೇಟ್ ಸಿಗದೆ ಕೂರುವವರೇ ಹೆಚ್ಚು.

ಕೇಂದ್ರ ಸರ್ಕಾರದ ಮಟ್ಟದಲ್ಲಿ ಎರಡು ವಯಸ್ಸಿನ ಲೆಕ್ಕಗಳಿವೆ. ಸುರಕ್ಷತೆ ನೋಡುವ ಎನ್‌ಎಚ್‌ಟಿಎಸ್‌ಎಗೆ ಗಾಡಿ ತಯಾರಾಗಿ 25 ವರ್ಷ ಆಗಿರಬೇಕು. ಹೊಗೆ ನೋಡುವ ಇಪಿಎಗೆ 21 ವರ್ಷ ಸಾಕು, ಆದರೆ ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಯಾರೋ ಹೊಸ ಪೀಳಿಗೆಯ ಬೇರೆ ಎಂಜಿನ್ ಕೂರಿಸಿದ್ದರೆ ಗಾಡಿಗೆ ಎಷ್ಟು ವಯಸ್ಸಾಗಿದ್ದರೂ ಈ ವಿನಾಯಿತಿ ಕೈತಪ್ಪುತ್ತದೆ. 25 ವರ್ಷವನ್ನು ಎಣಿಸುವುದು ಮಾದರಿ ವರ್ಷದಿಂದಲ್ಲ, ತಯಾರಾದ ತಿಂಗಳಿನಿಂದ. 2001ರ ಮಾರ್ಚ್‌ನಲ್ಲಿ ತಯಾರಾದದ್ದು 2026ರ ಮಾರ್ಚ್‌ಗೆ ಅರ್ಹ. ಫೆಬ್ರವರಿಯಲ್ಲಿ ಹಡಗು ಬಂದರೆ ಅಲ್ಲ. ಜಪಾನಿನ ದಾಖಲೆಯಲ್ಲಿ ಇರುವುದು ಮೊದಲ ನೋಂದಣಿಯ ತಿಂಗಳು. ತಯಾರಾದ ಮೇಲೆಯೇ ನೋಂದಣಿ ಆಗುವುದರಿಂದ ಆ ತಿಂಗಳಿಗೆ 25 ವರ್ಷ ತುಂಬಿದ್ದರೆ ಚಿಂತೆಯಿಲ್ಲ. ವರ್ಷವನ್ನು ಜಪಾನೀ ಶಕೆಯಲ್ಲಿ ಬರೆದಿರುತ್ತಾರೆ. ಹೇಸೇ ಸಂಖ್ಯೆಗೆ 1988 ಕೂಡಿಸಿದರೆ ನಮ್ಮ ಇಸವಿ: ಹೇಸೇ 12 ಅಂದರೆ 2000.

ಇನ್ನು ರಾಜ್ಯಗಳು. ಕೇಂದ್ರ ಒಳಗೆ ಬಿಟ್ಟ ಗಾಡಿಯನ್ನು ರಸ್ತೆಗೆ ಬಿಡುವುದೂ ಬಿಡದಿರುವುದೂ ರಾಜ್ಯದ ಕೈಯಲ್ಲಿದೆ. ಟೆಕ್ಸಾಸ್ 2024ರಲ್ಲಿ ಕೇ ಗಾಡಿಗಳಿಗೆ ನೋಂದಣಿಯ ದಾರಿ ತೆರೆಯಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ಮೊದಲು ಬಾಗಿಲು ಹಾಕಿ, ಜನ ಗಲಾಟೆ ಮಾಡಿದ ಮೇಲೆ ಮತ್ತೆ ತೆಗೆಯಿತು. ಕೆಲವು ರಾಜ್ಯಗಳಲ್ಲಿ ಟೈಟಲ್ (ಮಾಲೀಕತ್ವದ ಪತ್ರ) ಕೊಟ್ಟು ಹೆದ್ದಾರಿ ಬೇಡ ಎನ್ನುತ್ತಾರೆ, ಕೆಲವದರಲ್ಲಿ ಕೊಟ್ಟ ಟೈಟಲ್ ಅನ್ನೇ ವಾಪಸ್ ಕೇಳಿದ್ದೂ ಉಂಟು. ನಮ್ಮವರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾವೇ ಎಲ್ಲಕ್ಕಿಂತ ಕಠಿಣ. ಅಲ್ಲಿ 1975ರವರೆಗಿನ ಮಾದರಿಗೆ ಹೊಗೆ ಪರೀಕ್ಷೆಯ ಕಾಟವಿಲ್ಲ. ಆಮೇಲಿನದ್ದನ್ನು ಹೊರದೇಶದಿಂದ ನೇರ ತಂದರೆ ಪರವಾನಗಿ ಪಡೆದ ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಪರೀಕ್ಷೆ ಪಾಸು ಮಾಡಿಸಬೇಕು. ಅದರ ಖರ್ಚು ಟ್ರಕ್ಕಿನ ಬೆಲೆಯನ್ನು ಮೀರಿಸಬಲ್ಲದು. ಸ್ಯಾನ್ ಹೋಸೆಯಲ್ಲಿ ಮನೆಯಿದ್ದು ಕೇ ಟ್ರಕ್ ಬೇಕೆನಿಸಿದರೆ, ಖಾಸಗಿ ಜಮೀನಿನೊಳಗೆ ಓಡಿಸಲು ಮಾತ್ರ ಎಂದುಕೊಂಡು ತನ್ನಿ, ಇಲ್ಲವೇ ಆಸೆ ಬಿಡಿ. ಮೊಂಟಾನಾದಲ್ಲಿ ಕಂಪನಿ ತೆರೆದು ಅಲ್ಲಿಯ ಪ್ಲೇಟ್ ಹಾಕಿಸಿಕೊಳ್ಳುವ ಉಪಾಯವನ್ನು ಮಾರಾಟಗಾರರು ಹೇಳಿಕೊಡುತ್ತಾರೆ. ವಾಸ ಒಂದು ಕಡೆ, ನೋಂದಣಿ ಇನ್ನೊಂದು ಕಡೆ ಇದ್ದರೆ ತೆರಿಗೆಯವರೂ ವಿಮೆಯವರೂ ಬೆನ್ನು ಹತ್ತುತ್ತಾರೆ. ಅಪಘಾತವಾದ ದಿನ ಅದರ ಬಿಸಿ ತಟ್ಟುತ್ತದೆ.

ಆದ್ದರಿಂದ ಮೊದಲ ಕೆಲಸ ಡಿಎಂವಿಗೆ ಇಮೇಲ್. ಇಂಥ ಮಾದರಿ, ಇಂಥ ವರ್ಷ, ಚಾಸಿ ನಂಬರ್ 17 ಅಂಕಿಯದ್ದಲ್ಲ, ಬಲಗಡೆ ಸ್ಟೇರಿಂಗ್, ರಸ್ತೆ ಬಳಕೆಗೆ ನೋಂದಣಿ ಕೊಡುತ್ತೀರಾ, ಯಾವ ಯಾವ ಕಾಗದ ಬೇಕು ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಫೋನಿನಲ್ಲಿ ಸಿಕ್ಕ ‘ಆಗುತ್ತೆ’ ಕೌಂಟರಿನಲ್ಲಿ ನಡೆಯುವುದಿಲ್ಲ. ಎರಡನೆಯ ಇಮೇಲ್ ವಿಮೆಗೆ. ದೊಡ್ಡ ಕಂಪನಿಗಳ ತಂತ್ರಾಂಶ 17 ಅಂಕಿಯ ವಿನ್ (ವಾಹನದ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ಹಳೆಯ ಗಾಡಿಗಳಿಗೆಂದೇ ಮೊದಲೇ ಮೌಲ್ಯ ಒಪ್ಪಿಕೊಂಡು ಪಾಲಿಸಿ ಮಾಡುವವರಿದ್ದಾರೆ. ದಿನನಿತ್ಯದ ಕೆಲಸಕ್ಕೆ ಬಳಸಲು ಆ ಪಾಲಿಸಿ ಬಿಡುತ್ತದೆಯೇ ಎಂದು ಓದಿ ನೋಡಿ.

ಇಷ್ಟಾದ ಮೇಲೆ ಹರಾಜು. ಜಪಾನಿನ ಹರಾಜುಗಳಲ್ಲಿ ಸದಸ್ಯ ವ್ಯಾಪಾರಿಗಳು ಮಾತ್ರ ಕೂಗಬಹುದು, ನಿಮ್ಮ ಪರವಾಗಿ ಒಬ್ಬ ರಫ್ತು ಏಜೆಂಟ್ ಕೂಗುತ್ತಾನೆ. ನಿಮಗೆ ಸಿಗುವ ಸಾಕ್ಷ್ಯ ಒಂದು ಹಾಳೆ ಮತ್ತು ನಾಲ್ಕಾರು ಫೋಟೋ. ಹಾಳೆಯ ಮೇಲಿನ ಗ್ರೇಡ್ 4 ಅಂದರೆ ಒಳ್ಳೆಯದು, 3.5 ಅಂದರೆ ಬಳಸಿದ ಗುರುತುಗಳಿವೆ, ಆರ್ ಅಥವಾ ಆರ್‌ಎ ಅಂದರೆ ಅಪಘಾತದ ನಂತರ ರಿಪೇರಿ ಆದದ್ದು. ಗ್ರೇಡಿಗಿಂತ ಗಾಡಿಯ ಚಿತ್ರದ ಮೇಲೆ ಬರೆದ ಅಕ್ಷರಗಳನ್ನು ನಂಬಿ. ಎ ಗೀರು, ಯು ಗುಳಿ, ಡಬ್ಲ್ಯೂ ಬಡಿದು ಬಣ್ಣ ಹೊಡೆದ ಅಲೆ, ಎಸ್ ತುಕ್ಕು, ಸಿ ತುಕ್ಕು ತಿಂದು ಹಾಕಿದ್ದು, ಎಕ್ಸ್ ಬದಲಿಸಬೇಕಾದ ಭಾಗ. ಪಕ್ಕದ 1ರಿಂದ 3ರ ಅಂಕಿ ತೀವ್ರತೆ. ಕೇ ಟ್ರಕ್ಕಿನಲ್ಲಿ ಎ3, ಯು2 ಎಷ್ಟಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಅದು ಗೊಬ್ಬರ ಹೊತ್ತ ಗಾಡಿ. ಸಿ ಕಂಡರೆ ಮಾತ್ರ ನಿಲ್ಲಿ.

ತುಕ್ಕಿನ ವಿಷಯದಲ್ಲಿ ಇನ್ನೊಂದು ಉಪಾಯವಿದೆ. ಹೊಕ್ಕೈಡೊ, ಅಕಿತಾ, ನೀಗಾತಾದಂಥ ಹಿಮ ಬೀಳುವ ಸೀಮೆಯ ಗಾಡಿಗಳು ಚಳಿಗಾಲದ ರಸ್ತೆ ಉಪ್ಪು ತಿಂದಿರುತ್ತವೆ. ಹರಾಜು ನಾಗೋಯಾದಲ್ಲಿ ನಡೆದ ಮಾತ್ರಕ್ಕೆ ಗಾಡಿ ನಾಗೋಯಾದ್ದಲ್ಲ. ಫೋಟೋದಲ್ಲಿ ನಂಬರ್ ಪ್ಲೇಟ್ ಇನ್ನೂ ಇದ್ದರೆ ಅದರ ಮೇಲ್ಸಾಲಿನ ಊರಿನ ಹೆಸರು ಓದಿಸಿ, ಗಾಡಿ ಎಲ್ಲಿ ದುಡಿದಿದೆ ಎಂಬುದು ಗೊತ್ತಾಗುತ್ತದೆ. ಏಜೆಂಟ್‌ನಿಂದ ಹೆಚ್ಚುವರಿ ಫೋಟೋ ಕೇಳುವುದಾದರೆ ಈ ಮೂರು ಜಾಗ: ಹಿಂದಿನ ಆಕ್ಸಲ್ ಮೇಲಿನ ಫ್ರೇಮ್, ಕ್ಯಾಬಿನ್ ಕೂತಿರುವ ಮೌಂಟ್‌ಗಳು, ಕಾಲಡಿಯ ಮ್ಯಾಟ್ ಎತ್ತಿದ ನೆಲ. ಕಪ್ಪು ಬಣ್ಣ ಹೊಸದಾಗಿ ಬಳಿದಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ.

ಸುಂಕದ ಲೆಕ್ಕ ತಪ್ಪುವುದು ಇಲ್ಲಿ. ಪ್ರಯಾಣಿಕ ಕಾರಿಗೆ ಮೂಲ ಸುಂಕ ಶೇ. 2.5, ಟ್ರಕ್ಕಿಗೆ ಶೇ. 25. ಈ ಹತ್ತು ಪಟ್ಟಿನ ವ್ಯತ್ಯಾಸಕ್ಕೆ ಕಾರಣ ಕೋಳಿ. ಅರವತ್ತರ ದಶಕದ ಆರಂಭದಲ್ಲಿ ಯುರೋಪು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿತು. ಅದಕ್ಕೆ ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ, ಸಣ್ಣ ಟ್ರಕ್ಕುಗಳ ಮೇಲೆ ಸುಂಕ ಹೇರಿದರು. 1964ರಿಂದ ಜಾರಿಯಾದ ಆ ಪಟ್ಟಿಯಲ್ಲಿ ಇಂದಿಗೂ ಉಳಿದಿರುವುದು ಟ್ರಕ್ ಒಂದೇ. ಹಿಂದೆ ಸೀಟು, ಪಕ್ಕಕ್ಕೆ ಕಿಟಕಿ ಇರುವ ಕೇ ವ್ಯಾನ್ ಆದರೆ ಶೇ. 2.5ರ ವರ್ಗಕ್ಕೆ ಸೇರಬಹುದು. ಹಾಗಂತ ಸುಂಕಕ್ಕಾಗಿಯೇ ಸೀಟು ಕೂರಿಸಿ ಆಮೇಲೆ ಕಿತ್ತುಹಾಕುವ ಜಾಣತನ ಬೇಡ. ಫೋರ್ಡ್ ಕಂಪನಿ ಟ್ರಾನ್ಸಿಟ್ ಕನೆಕ್ಟ್ ವ್ಯಾನಿನಲ್ಲಿ ಅದನ್ನೇ ಮಾಡಿ ನ್ಯಾಯಾಲಯದಲ್ಲಿ ಸೋತಿತು, 2024ರಲ್ಲಿ 365 ದಶಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ಅಮೆರಿಕದ ಕಸ್ಟಮ್ಸ್ ಸುಂಕ ಹಾಕುವುದು ಗಾಡಿಯ ಬೆಲೆಗೆ, ಸಮುದ್ರದ ಬಾಡಿಗೆ ಸೇರಿಸಿ ಅಲ್ಲ. ಆದ್ದರಿಂದ ಇನ್‌ವಾಯ್ಸಿನಲ್ಲಿ ಬೆಲೆ, ಬಾಡಿಗೆ, ವಿಮೆ ಬೇರೆ ಬೇರೆ ಸಾಲಿನಲ್ಲಿರಲಿ. ಹಡಗಿಗೇರುವವರೆಗಿನ ಬೆಲೆ 4,000 ಡಾಲರ್ ಎಂದುಕೊಳ್ಳಿ. ಟ್ರಕ್ ಸುಂಕ 1,000. ಕಸ್ಟಮ್ಸ್ ಸಂಸ್ಕರಣಾ ಶುಲ್ಕ ಶೇ. 0.3464, ಆದರೆ ಕನಿಷ್ಠ ಮಿತಿ ಇರುವುದರಿಂದ 33 ಡಾಲರ್ ಆಸುಪಾಸು. ಬಂದರು ನಿರ್ವಹಣಾ ಶುಲ್ಕ ಶೇ. 0.125, ಅಂದರೆ 5 ಡಾಲರ್. ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಬ್ರೋಕರ್‌ನ ಫೀ, ಸುಂಕಕ್ಕೆ ಖಾತರಿಯಾದ ಬಾಂಡ್, ಬಂದರಿನ ಖರ್ಚು ಬೇರೆ. 2025ರ ಏಪ್ರಿಲ್‌ನಲ್ಲಿ ವಿದೇಶಿ ವಾಹನಗಳ ಮೇಲೆ ಬಂದ ಶೇ. 25 ಹೆಚ್ಚುವರಿ ಸುಂಕದಿಂದ 25 ವರ್ಷ ದಾಟಿದವಕ್ಕೆ ವಿನಾಯಿತಿ ಇಟ್ಟರು. ಆದರೆ ಅಂದಿನಿಂದ ಸುಂಕದ ಆದೇಶಗಳು ಮೇಲಿಂದ ಮೇಲೆ ಬದಲಾಗಿವೆ. ಹಡಗು ತಲುಪುವ ದಿನದ ದರವನ್ನು ಬ್ರೋಕರ್ ಹತ್ತಿರ ಕೇಳಿ. ಹಳೆಯ ಯೂಟ್ಯೂಬ್ ವಿಡಿಯೋದ ಲೆಕ್ಕ ನಂಬಬೇಡಿ.

ಸಾಗಣೆಗೆ ಎರಡು ದಾರಿ. ಗಾಡಿಯನ್ನು ಓಡಿಸಿಕೊಂಡೇ ಹತ್ತಿಸುವ ರೋರೋ ಹಡಗು, ಇಲ್ಲವೇ ಕಂಟೈನರ್. ಒಂದೇ ಟ್ರಕ್ ಆದರೆ ರೋರೋ ಸಾಕು. ಅದರಲ್ಲಿ ಗಾಡಿ ಸ್ವಂತ ಶಕ್ತಿಯಿಂದ ಓಡಬೇಕು, ಒಳಗೆ ಸಾಮಾನು ಇಡುವಂತಿಲ್ಲ. 40 ಅಡಿ ಕಂಟೈನರಿನ ಒಳಉದ್ದ 12 ಮೀಟರ್, ಸಾಲಾಗಿ ಮೂರು ಟ್ರಕ್ ಹಿಡಿಯುತ್ತವೆ; ಮೂವರು ಸೇರಿ ತರಿಸುವುದಾದರೆ ಇದು ಲಾಭ. ಕಂಟೈನರ್ ಆದರೆ ಹಡಗಿಗೆ ಏರಿಸುವ 24 ಗಂಟೆ ಮೊದಲೇ ಐಎಸ್‌ಎಫ್ ಎಂಬ ಮಾಹಿತಿ ಕಸ್ಟಮ್ಸಿಗೆ ಹೋಗಿರಬೇಕು, ತಪ್ಪಿದರೆ ದಂಡ 5,000 ಡಾಲರ್‌ವರೆಗೆ. ರೋರೋ ಆದರೂ ಐಎಸ್‌ಎಫ್ ಯಾರು, ಯಾವಾಗ ಸಲ್ಲಿಸುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಇದು ಏಜೆಂಟನ ಕೆಲಸ ಎಂದು ಬ್ರೋಕರೂ, ಬ್ರೋಕರಿನದ್ದು ಎಂದು ಏಜೆಂಟನೂ ಕೂತಿರುತ್ತಾರೆ. ಬ್ರೋಕರನ್ನು ಹಡಗು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ.

ಮಣ್ಣು ಚಿಕ್ಕ ವಿಷಯವಲ್ಲ. ಹೊರದೇಶದ ಮಣ್ಣು ಅಂಟಿದ ಗಾಡಿಯನ್ನು ಅಮೆರಿಕದ ಕೃಷಿ ತಪಾಸಕರು ಒಳಗೆ ಬಿಡುವುದಿಲ್ಲ. ಕೇ ಟ್ರಕ್ ಅಂದರೆ ಗದ್ದೆಯ ಗಾಡಿ. ಮಡ್‌ಗಾರ್ಡಿನ ಒಳಗೆ, ಫ್ರೇಮಿನ ಸಂದಿಯಲ್ಲಿ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಜಪಾನಿನಲ್ಲೇ ಕೆಳಭಾಗವನ್ನು ಹಬೆಯಲ್ಲಿ ತೊಳೆಸಿ, ಬಿಲ್ಲು ಮತ್ತು ಫೋಟೋ ಪಡೆಯಿರಿ. ಅಮೆರಿಕದ ಬಂದರಿನಲ್ಲಿ ತೊಳೆಸುವ ಪಾಳಿ ಬಂದರೆ ತೊಳೆದವರ ಕೂಲಿಯ ಜೊತೆಗೆ ದಿನದಿನದ ನಿಲುಗಡೆ ಬಾಡಿಗೆಯೂ ನಿಮ್ಮದೇ.

ಕಾಗದಗಳು: ಜಪಾನಿನ ರಫ್ತು ಪ್ರಮಾಣಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ, ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ರಸೀದಿ), ಎನ್‌ಎಚ್‌ಟಿಎಸ್‌ಎಯ ಎಚ್‌ಎಸ್-7 ಫಾರಂ (25 ವರ್ಷ ದಾಟಿದ್ದಕ್ಕೆ ಮೊದಲನೆಯ ಚೌಕ), ಇಪಿಎಯ 3520-1 ಫಾರಂ (21 ವರ್ಷ ದಾಟಿದ್ದಕ್ಕೆ ಇ ಸಂಕೇತ), ಕಸ್ಟಮ್ಸಿನ 7501 ಫಾರಂ. ಎಲ್ಲದರಲ್ಲೂ ಚಾಸಿ ನಂಬರ್ ಒಂದೇ ರೀತಿ ಇರಬೇಕು, ಅಡ್ಡಗೆರೆ ಸಮೇತ. ಡಿಡಿ51ಟಿ ಎಂದು ಶುರುವಾಗುವ ಕ್ಯಾರಿಯ ನಂಬರಿನಲ್ಲಿ ಯಾರಾದರೂ ಒಂದು ಅಕ್ಷರ ತಪ್ಪಿಸಿದರೆ ಅದನ್ನು ಕಸ್ಟಮ್ಸ್ ಗಮನಿಸದೆ ಬಿಡಬಹುದು, ಡಿಎಂವಿ ಬಿಡುವುದಿಲ್ಲ. ಹಡಗು ಬಂದ 15 ದಿನದೊಳಗೆ ಕಸ್ಟಮ್ಸಿಗೆ ಎಂಟ್ರಿ (ಆಮದಿನ ಘೋಷಣೆ) ಸಲ್ಲಿಸದಿದ್ದರೆ ಗಾಡಿ ಸರ್ಕಾರಿ ಗೋದಾಮಿನ ಲೆಕ್ಕಕ್ಕೆ ಹೋಗುತ್ತದೆ. ಬಿಡುಗಡೆಯಾದ 7501ರ ಪ್ರತಿಯನ್ನು ಬ್ರೋಕರ್ ಹತ್ತಿರ ಕೇಳಿ ಪಡೆದು ಜೋಪಾನವಾಗಿಡಿ, ಟೈಟಲ್ ಮಾಡಿಸುವಾಗ ಅದೇ ಆಧಾರ.

ಊರಿಗೇ ತರಿಸಬಹುದಲ್ಲ ಎನ್ನುವವರಿಗೆ ಒಂದು ಮಾತು. ಭಾರತದಲ್ಲಿ ಹಳೆಯ ಗಾಡಿಗೆ ನಿಯಮ ಇದಕ್ಕೆ ತದ್ವಿರುದ್ಧ: ಸಾಮಾನ್ಯ ಬಳಕೆಗೆ ತರುವ ಸೆಕೆಂಡ್ ಹ್ಯಾಂಡ್ ವಾಹನಕ್ಕೆ ಮೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಬಾರದು, ಮೇಲಿಂದ ತೆರಿಗೆ ಗಾಡಿಯ ಬೆಲೆಯನ್ನೇ ಮೀರುತ್ತದೆ. ಹಾವೇರಿಯ ಹೊಲಕ್ಕೆ 1999ರ ಸಾಂಬಾರ್ ತರುವ ದಾರಿ ಇಲ್ಲ.

ಗಾಡಿ ಕೈಗೆ ಬಂದ ಮೇಲೆ ಕೀಲಿ ತಿರುಗಿಸಿ ಹೊರಡಬೇಡಿ. ಮೀಟರಿನಲ್ಲಿ 45,000 ಕಿಲೋಮೀಟರ್ ಇದ್ದರೂ ಟೈಮಿಂಗ್ ಬೆಲ್ಟಿಗೆ 25 ವರ್ಷವಾಗಿರಬಹುದು. ಬೆಲ್ಟನ್ನು ಕೆಡಿಸುವುದು ದೂರ ಮಾತ್ರವಲ್ಲ, ಕಾಲವೂ ಹೌದು. ಬದಲಾಯಿಸಿದ ಸ್ಟಿಕ್ಕರ್ ಇಲ್ಲದಿದ್ದರೆ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೇ ಹಾಕಿಸಿ. ಆಕ್ಟಿಯಲ್ಲಿ ಎಂಜಿನ್ ಹೊರೆಪೆಟ್ಟಿಗೆಯ ಕೆಳಗೆ, ರೇಡಿಯೇಟರ್ ಮುಂದೆ. ನಡುವಿನ ಉದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಕೂಲೆಂಟ್ ತುಂಬಿದಂತೆ ಕಂಡರೂ ಎಂಜಿನ್ ಕಾಯುತ್ತದೆ, ಗಾಳಿ ಪೂರ್ತಿ ಬಿಡಿಸಿ. ಅಮೆರಿಕದ 87 ಆಕ್ಟೇನ್ ಪೆಟ್ರೋಲ್ ಈ ಎಂಜಿನ್‌ಗಳಿಗೆ ಸಾಕು. ಆದರೆ ಅದರಲ್ಲಿ ಶೇ. 10 ಎಥನಾಲ್ ಇರುತ್ತದೆ, ಹಳೆಯ ರಬ್ಬರ್ ಇಂಧನ ಪೈಪುಗಳು ಅದಕ್ಕೆ ಉಬ್ಬಿ ಒಡೆಯುತ್ತವೆ, ಎಲ್ಲವನ್ನೂ ಬದಲಿಸಿ. ಬ್ರೇಕಿನ ವೀಲ್ ಸಿಲಿಂಡರುಗಳನ್ನು ಬಿಚ್ಚಿ ನೋಡಿ. ವಂಶ ಒಂದೇ ಎಂದು ಮಾರುತಿಯ ಭಾಗ ತರಿಸಿ ಕೂರಿಸಲು ಹೋಗಬೇಡಿ, ಪಾರ್ಟ್ ನಂಬರ್ ತಾಳೆಯಾದರೆ ಮಾತ್ರ. ಭಾಗಗಳನ್ನು ಒಂದೇ ಸಲ ಒಟ್ಟಿಗೆ ತರಿಸಿ: 800 ಡಾಲರ್‌ವರೆಗಿನ ಪಾರ್ಸಲಿಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿದೆ.

ಜಪಾನಿನ ಹೆಡ್‌ಲೈಟ್ ಬೆಳಕು ಎಡಕ್ಕೆ ಏರುತ್ತದೆ, ಅಮೆರಿಕದಲ್ಲಿ ಅದು ನೇರ ಎದುರು ಬರುವವರ ಕಣ್ಣಿಗೆ. ಸೀಲ್ಡ್ ಬೀಮ್ (ಬಲ್ಬು, ಗಾಜು ಒಂದೇ ತುಂಡಾಗಿರುವ ಹೆಡ್‌ಲೈಟ್) ಇರುವ ಮಾದರಿಯಾದರೆ ಅಲ್ಲಿಯ ಲೈಟ್ ಹಾಕಿದರೆ ಮುಗಿಯಿತು. ಟೈರ್ 145ಆರ್12, 6 ಪ್ಲೈ, ಲಘು ಟ್ರಕ್ಕಿನದ್ದು. ಮಾಮೂಲಿ ಟೈರ್ ಅಂಗಡಿಯವರು ಇದೇ ಅಳತೆಯ ಸುತ್ತಮುತ್ತಲಿನ, ಎಸ್‌ಟಿ ಎಂದು ಮುದ್ರೆಯಿರುವ ಟ್ರೇಲರ್ ಟೈರ್ ತೋರಿಸುತ್ತಾರೆ. ಅದು ಎಳೆಸಿಕೊಂಡು ಹೋಗುವುದಕ್ಕೆ ಮಾಡಿದ್ದು, ತಿರುವಿನಲ್ಲಿ ಹಿಡಿತವಿಲ್ಲ. ಸರಿಯಾದದ್ದು ಸಿಗುವವರೆಗೆ ಗಾಡಿ ಅಂಗಳದಲ್ಲೇ ಇರಲಿ.