ಕಣ್ಣಾಸ್ಪತ್ರೆ ಕೆಲಸಕ್ಕೆ ಕೋರ್ಸ್ ಯಾಕೆ ಬೇಕು?

ಹೊನ್ನಾವರ ಕಡೆಯ ಪರಿಚಯದವರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಮಗಳ ಪಿಯುಸಿ ಸೈನ್ಸ್ ಮುಗಿದಿದೆ. ನರ್ಸಿಂಗ್ ಬೇಡ, ಕಣ್ಣಿನ ಆಸ್ಪತ್ರೆ ಕೆಲಸ ಆಗಬಹುದು ಅನ್ನುತ್ತಾಳಂತೆ. "ಅಲ್ಲಾ ತಂಗಿ, ಸೀದಾ ಡಾಕ್ಟ್ರ ಹತ್ರ ಕೆಲಸಕ್ಕೆ ಸೇರಿಸಿದ್ರೆ ನಾಲ್ಕು ತಿಂಗಳಲ್ಲಿ ಎಲ್ಲ ಕಲ್ತುಬಿಡ್ತಾಳಂತೆ. ಮತ್ತೆ ಎರಡು ವರ್ಷ ಕೋರ್ಸು, ಫೀಸು, ಹಾಸ್ಟೆಲ್ಲು ಅಂತ ದುಡ್ಡು ಸುರಿಯೋದು ಯಾಕೆ?" ಎಂದು ಕೇಳಿದರು. ಪ್ರಶ್ನೆ ತಪ್ಪಲ್ಲ. ನಮ್ಮ ಕಡೆ ಹಾಗೆ ಸೇರಿ ಹಾಗೇ ಕಲಿತವರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಒಳ್ಳೆ ಕೈಗಳೂ ಇವೆ. ನಾನು ಕುಮಟಾದಲ್ಲಿ ಇದೇ ಕೆಲಸ ಮಾಡುವವಳು. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಅಲ್ಲ ಅನ್ನಿಸಿತು, ಅದಕ್ಕೆ ಉದ್ದಕ್ಕೆ ಬರೆಯುತ್ತಿದ್ದೇನೆ.

ಕಣ್ಣಾಸ್ಪತ್ರೆಗೆ ಬಂದವರು ಡಾಕ್ಟರ ಎದುರು ಕೂರುವುದು ಐದೋ ಹತ್ತೋ ನಿಮಿಷ. ಅದಕ್ಕೂ ಮುಂಚೆ ಅವರು ನಮ್ಮ ಕೈಯಲ್ಲೇ ಇರುತ್ತಾರೆ. ಎಷ್ಟು ಕಾಣುತ್ತದೆ, ಕನ್ನಡಕದ ನಂಬರ್ ಎಷ್ಟು, ಕಣ್ಣಿನ ಒತ್ತಡ ಎಷ್ಟು, ಶುಗರ್ ಇದೆಯಾ, ಯಾವ ಮಾತ್ರೆ ತಗೊಳ್ಳುತ್ತಾರೆ, ಯಾವ ಕಣ್ಣಿಗೆ ಯಾವ ಡ್ರಾಪ್ಸ್ ಹಾಕಬೇಕು, ಎಲ್ಲ ಬರೆಯುವುದು ನಾವು. ಡಾಕ್ಟರು ಅದನ್ನು ನಂಬಿ ಮುಂದೆ ಹೋಗುತ್ತಾರೆ. ನಂಬದೆ ಬೇರೆ ದಾರಿ ಇಲ್ಲ, ಪ್ರತಿಯೊಬ್ಬರದ್ದೂ ಮತ್ತೆ ತಾವೇ ನೋಡುತ್ತಾ ಕೂತರೆ ಕ್ಯೂ ಬಸ್ ಸ್ಟ್ಯಾಂಡ್ ತನಕ ಹೋಗುತ್ತದೆ. ನಾವು ಬರೆದ ನಂಬರ್ ತಪ್ಪಿದರೆ ಎಷ್ಟು ದೊಡ್ಡ ಡಾಕ್ಟರಾದರೂ ತಪ್ಪು ದಾರಿಯಲ್ಲೇ ಹೋಗುತ್ತಾರೆ.

ಪೊರೆ ಆಪರೇಷನ್ ವಿಷಯವನ್ನೇ ತಗೊಳ್ಳಿ. ಒಳಗೆ ಹಾಕುವ ಲೆನ್ಸ್‌ಗೆ ಒಂದು ಪವರ್ ಇರುತ್ತದೆ, ಅದು ಒಬ್ಬೊಬ್ಬರಿಗೂ ಬೇರೆ. ಅದನ್ನು ಲೆಕ್ಕ ಹಾಕಲು ಕಣ್ಣಿನ ಉದ್ದ ಬೇಕು, ಮುಂದಿನ ಕರಿಗುಡ್ಡೆಯ ಉಬ್ಬು ಎಷ್ಟು ಅಂತ ಬೇಕು. ಕಣ್ಣಿನ ಉದ್ದ ಸರಾಸರಿ 23.5 ಮಿಲಿಮೀಟರ್ ಆಸುಪಾಸು. ಇದರಲ್ಲಿ 1 ಮಿಲಿಮೀಟರ್ ತಪ್ಪಿದರೆ ಆಪರೇಷನ್ ಆದ ಮೇಲೆ ಕನ್ನಡಕದ ನಂಬರ್ ಸುಮಾರು 2.5 ತಪ್ಪುತ್ತದೆ. ಈ ಉದ್ದವನ್ನು ಶಬ್ದದ ಅಲೆಯಿಂದ ಅಳೆಯುವುದಕ್ಕೆ ಎ-ಸ್ಕ್ಯಾನ್ ಅನ್ನುತ್ತಾರೆ, ಅದನ್ನು ಮಾಡುವಾಗ ಪೆನ್ನಿನಂಥ ಪ್ರೋಬ್ ಅನ್ನು ಕಣ್ಣಿಗೆ ತಾಗಿಸಬೇಕು. ತಾಗಿಸಬೇಕು ಅಷ್ಟೆ, ಒತ್ತಬಾರದು. ಸ್ವಲ್ಪ ಒತ್ತಿದರೂ ಕಣ್ಣು ಚಪ್ಪಟೆಯಾಗಿ ಉದ್ದ ಕಡಿಮೆ ಬರುತ್ತದೆ. ಉದ್ದ ಕಡಿಮೆ ಬಂದರೆ ಲೆಕ್ಕ ಜಾಸ್ತಿ ಪವರಿನ ಲೆನ್ಸ್ ಕೇಳುತ್ತದೆ. ಆಮೇಲೆ ಪಟ್ಟಿ ಬಿಚ್ಚಿದಾಗ ಅಜ್ಜನಿಗೆ ಅಂಗೈ ಗೆರೆ ಚಂದ ಕಾಣುತ್ತದೆ, ಅಳಿವೆಯಲ್ಲಿ ಬರುವ ದೋಣಿ ಯಾರದ್ದು ಅಂತ ಕಾಣುವುದಿಲ್ಲ. ಆಪರೇಷನ್ ಚೊಕ್ಕ ಆಗಿದೆ, ಹೊಲಿಗೆ ಇಲ್ಲ, ಕೆಂಪಿಲ್ಲ. ಆದರೂ ಅಜ್ಜ ಊರಲ್ಲಿ ಹೇಳುವುದು "ಆ ಡಾಕ್ಟ್ರು ಕಣ್ಣು ಹಾಳು ಮಾಡಿದ್ರು" ಎಂದೇ.

ಕಣ್ಣಿಗೆ ತಾಗದೆ ಬೆಳಕಿನಲ್ಲೇ ಅಳೆಯುವ ಮಷಿನ್ ಈಗ ಬಂದಿದೆಯಲ್ಲ ಅನ್ನಬಹುದು. ಬಂದಿದೆ, ತುಂಬ ಒಳ್ಳೆಯದೂ ಹೌದು. ಆದರೆ ಪೊರೆ ಪೂರ್ತಿ ಬಲಿತು ಬೆಳ್ಳಗಾದ ಮೇಲೆ ಆ ಬೆಳಕು ಒಳಗೆ ದಾಟುವುದಿಲ್ಲ. ನಮ್ಮ ಕಡೆಯವರು ಬರುವುದೇ ಆಗ! ಗದ್ದೆ ಕೊಯ್ಲು ಮುಗೀಲಿ, ಅಡಿಕೆ ಸುಲಿದಾಗಲಿ, ಮೊಮ್ಮಗಳ ಮದುವೆ ಆಗಲಿ ಅಂತ ಮುಂದೆ ಹಾಕಿ ಹಾಕಿ ಕೊನೆಗೆ ಬರುತ್ತಾರೆ. ಹಾಗಾಗಿ ಕೈಯ ಹದ ಇನ್ನೂ ಬೇಕೇ ಬೇಕು.

ಇದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿಯಲು ಆಗುವುದಿಲ್ಲವಾ? ಪ್ರೋಬ್ ಹಿಡಿಯುವುದು ಕಲಿಯಬಹುದು. ಆದರೆ ಎರಡು ಕಣ್ಣಿನ ಉದ್ದದಲ್ಲಿ 0.3 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಅಳೆಯಬೇಕು, ಉದ್ದ 22ಕ್ಕಿಂತ ಕಡಿಮೆ ಅಥವಾ 25ಕ್ಕಿಂತ ಜಾಸ್ತಿ ಬಂದರೆ ಅನುಮಾನಪಡಬೇಕು, ಕರಿಗುಡ್ಡೆಯ ಉಬ್ಬನ್ನು ಮೊದಲು ಅಳೆದು ಆಮೇಲೆ ಪ್ರೋಬ್ ತಾಗಿಸಬೇಕು, ಇಂಥದ್ದನ್ನೆಲ್ಲ ಯಾರಾದರೂ ಕೂರಿಸಿ ಹೇಳಿಕೊಡಬೇಕು. ಓಪಿಡಿ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ನೋಡಿ ಕಲಿತ ಹುಡುಗಿ ಮಷಿನ್ ಕೊಟ್ಟ ನಂಬರನ್ನು ಬರೆಯುತ್ತಾಳೆ. ಕೋರ್ಸ್ ಸರಿಯಾಗಿ ಮಾಡಿದವಳು ಆ ನಂಬರನ್ನು ಮೊದಲು ನಂಬುವುದಿಲ್ಲ. ಇದೇ ದೊಡ್ಡ ವ್ಯತ್ಯಾಸ ಅಂತ ನನ್ನ ಅನಿಸಿಕೆ.

ಗೋಡೆಯ ಚಾರ್ಟ್ ಓದಿಸುವುದು ಎಲ್ಲರೂ ಮಾಡುತ್ತಾರೆ, ಅದರಲ್ಲೇನಿದೆ ಅಂತ ಅನ್ನಿಸುತ್ತದೆ. 6 ಮೀಟರ್ ದೂರ ಬೇಕು. ಹಳೆ ಕಟ್ಟಡದ ಅಂಗಡಿ ಮಳಿಗೆಯಲ್ಲಿ ಅಷ್ಟು ಉದ್ದದ ಕೋಣೆ ಎಲ್ಲಿ ಸಿಗಬೇಕು, ಅದಕ್ಕೇ ಕನ್ನಡಿ ಇಟ್ಟು 3 ಮೀಟರ್‌ನಲ್ಲಿ ನೋಡುವುದು. ಒಂದು ಕಣ್ಣು ಮುಚ್ಚಿ ಅಂದರೆ ಬೆರಳ ಸಂದಿನಿಂದ ಇಣುಕುತ್ತಾರೆ. ಬೇಕು ಅಂತ ಮೋಸ ಮಾಡುವುದಲ್ಲ, ಪರೀಕ್ಷೆ ಅಂದ ಕೂಡಲೇ ಪಾಸಾಗಬೇಕು ಅನ್ನುವ ಹಟ ಮನುಷ್ಯರಿಗೆ ಇರುತ್ತದೆ. ಲೈಸೆನ್ಸಿಗೆ ಬಂದ ಡ್ರೈವರುಗಳಂತೂ ಮುಂದೆ ನಿಂತವನು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಓದಲು ಬಾರದ ಹಾಲಕ್ಕಿ ಅಜ್ಜಿಗೆ ಇಂಗ್ಲಿಷಿನ E ಅಕ್ಷರದ ಬಾಯಿ ಯಾವ ಕಡೆ ಇದೆ ಅಂತ ಕೈಯಲ್ಲಿ ತೋರಿಸಲು ಹೇಳಬೇಕು. ಕಾರವಾರ ಕಡೆಯವರಿಗೆ ಕೊಂಕಣಿಯಲ್ಲಿ, ಭಟ್ಕಳದಿಂದ ಬಂದವರಿಗೆ ಅವರ ನವಾಯತಿಯಲ್ಲಿ ಎರಡು ಮಾತು ಹೇಳಿದರೆ ಅರ್ಧ ಕೆಲಸ ಸುಲಭ. ಇದನ್ನು ಯಾವ ಸಿಲೆಬಸ್ಸೂ ಕಲಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಕಾಣುತ್ತಿಲ್ಲ ಅಂದಾಗ ಪಿನ್‌ಹೋಲ್ (ಸಣ್ಣ ತೂತಿನ ಬಿಲ್ಲೆ) ಹಿಡಿದು ನೋಡಬೇಕು, ಅದರಲ್ಲಿ ಚೆನ್ನಾಗಿ ಕಂಡರೆ ಕನ್ನಡಕದಿಂದ ಸರಿಯಾಗುವ ಸಾಧ್ಯತೆ ಜಾಸ್ತಿ, ಕಾಣದಿದ್ದರೆ ಬೇರೇನೋ ಇದೆ ಅನ್ನುವುದನ್ನು ಸಿಲೆಬಸ್ಸೇ ಕಲಿಸುತ್ತದೆ.

ಈಗ ಸುಣ್ಣದ ವಿಷಯ. ನಮ್ಮದು ಕವಳದ, ಅಂದರೆ ಎಲೆ-ಅಡಿಕೆಯ ಊರು. ಮನೆಮನೆಯಲ್ಲೂ ಸುಣ್ಣದ ಡಬ್ಬಿ ಇದೆ, ಅಂಗಡಿಯಲ್ಲಿ ಸುಣ್ಣದ ಸಣ್ಣ ಪ್ಯಾಕೆಟ್ ಸಿಗುತ್ತದೆ. ಮಕ್ಕಳು ಅದನ್ನು ಹಿಚುಕಿ ಆಡುವಾಗ ಸಿಡಿದು ಕಣ್ಣಿಗೆ ಹೋಗುತ್ತದೆ. ಸುಣ್ಣ ಕ್ಷಾರ. ಆಸಿಡ್‌ಗಿಂತಲೂ ಒಳಕ್ಕೆ ಇಳಿಯುತ್ತದೆ, ಪ್ರತಿ ನಿಮಿಷವೂ ಕರಿಗುಡ್ಡೆ ಸುಡುತ್ತಲೇ ಇರುತ್ತದೆ. ಮಗುವನ್ನು ಎತ್ತಿಕೊಂಡು ಓಡಿ ಬಂದ ತಾಯಿಗೆ ಕೌಂಟರಿನಲ್ಲಿ "ಕೂತ್ಕೊಳ್ಳಿ, ಫೈಲ್ ಮಾಡಿಸಿ, ಡಾಕ್ಟ್ರು ರೌಂಡ್ಸಿನಲ್ಲಿದ್ದಾರೆ" ಅಂದರೆ ಆ ಕಣ್ಣು ಹೋದ ಹಾಗೆಯೇ. ಹೆಸರು, ವಯಸ್ಸು, ಚಾರ್ಟು ಎಲ್ಲ ಆಮೇಲೆ. ಮೊದಲು ನೀರು. ಸಲೈನ್ ಇದ್ದರೆ ಸಲೈನ್, ಇಲ್ಲದಿದ್ದರೆ ನಲ್ಲಿ ನೀರು, ಅರ್ಧ ಗಂಟೆ ತೊಳೆಯುತ್ತಲೇ ಇರಬೇಕು. ರೆಪ್ಪೆ ಮಗುಚಿ ಅಡಿಯಲ್ಲಿ ಅಂಟಿಕೊಂಡ ಸುಣ್ಣದ ಚೂರು ತೆಗೆಯಬೇಕು. ಡಾಕ್ಟರು ಬರುವ ತನಕ ಕಾಯುವ ಕೆಲಸ ಅಲ್ಲ ಇದು. ಎದುರಿಗೆ ಯಾರು ಇದ್ದಾರೋ ಅವರು ಮಾಡಬೇಕಾದ್ದು. ಈ ಒಂದು ವಿಷಯ ರಿಸೆಪ್ಷನ್ ಹುಡುಗನಿಂದ ಹಿಡಿದು ಕಸ ಗುಡಿಸುವ ಅಕ್ಕನ ತನಕ ಎಲ್ಲರಿಗೂ ಗೊತ್ತಿರಬೇಕು ಅಂತ ನಾನು ಹಟ ಹಿಡಿಯುತ್ತೇನೆ. (ಮನೆಯಲ್ಲೂ ಅಷ್ಟೇ. ಮೊದಲು ತೊಳೆಯಿರಿ, ಆಮೇಲೆ ಗಾಡಿ ಹುಡುಕಿ.)

ಫೋನ್ ಎತ್ತುವವರದ್ದೂ ಇದೇ ಕಥೆ. "ಕಣ್ಣಲ್ಲಿ ಮಿಂಚು ಹೊಡೆದ ಹಾಗೆ ಆಗ್ತದೆ, ಕಪ್ಪು ಚುಕ್ಕಿ ಜಾಸ್ತಿ ಆಗಿದೆ, ಒಂದು ಬದಿಯಿಂದ ಪರದೆ ಬಂದ ಹಾಗಿದೆ" ಅಂತ ಯಾರಾದರೂ ಹೇಳಿದರೆ ಅದು ರೆಟಿನಾ (ಕಣ್ಣಿನ ಒಳಗಿನ ಹಿಂಬದಿ ಪದರ) ಕಳಚುತ್ತಿರುವ ಲಕ್ಷಣ ಇರಬಹುದು, ಅವತ್ತೇ ಬರಲು ಹೇಳಬೇಕು. ಮುಂದಿನ ಬುಧವಾರ ಅಪಾಯಿಂಟ್‌ಮೆಂಟ್ ಕೊಟ್ಟರೆ ಅಷ್ಟರಲ್ಲಿ ತಡವಾಗಿಬಿಡಬಹುದು. ನಮ್ಮಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಲು ಬೇಕಾದ ಸಮಯವನ್ನೂ ಅದರಲ್ಲೇ ಲೆಕ್ಕ ಹಿಡಿಯಬೇಕು. ಹಾಗೇ ಭತ್ತದ ಎಲೆ ತಾಗಿದೆ, ಅಡಿಕೆ ಸಿಪ್ಪೆ ಹಾರಿದೆ, ಮೆಡಿಕಲ್ ಶಾಪಿನಲ್ಲಿ ಕೊಟ್ಟ ಡ್ರಾಪ್ಸ್ ಹಾಕ್ತಾ ಇದ್ದೇನೆ ಅಂದರೆ ಆ ಬಾಟಲಿ ತರಿಸಿ ನೋಡಬೇಕು. ಇಂಥ ಗಾಯದಲ್ಲಿ ಫಂಗಸ್ ಹುಣ್ಣು ಆಗಿರಬಹುದು, ಡ್ರಾಪ್ಸ್‌ನಲ್ಲಿ ಸ್ಟಿರಾಯ್ಡ್ ಇದ್ದರೆ ಅದು ಇನ್ನೂ ಹಬ್ಬುತ್ತದೆ.

ಇಷ್ಟೆಲ್ಲ ಹೇಳಿದ್ದು ತರಬೇತಿ ಬಗ್ಗೆ. ಸರ್ಟಿಫಿಕೇಟ್ ಬೇರೆ ಮಾತು. ಕೆಲಸ ಬಂದರೆ ಸಾಲದಾ, ಕಾಗದ ಯಾಕೆ ಅನ್ನುವವರಿಗೆ ನನ್ನದೊಂದೇ ಉತ್ತರ. ನೀವು ಕಲಿತಿದ್ದೀರಿ ಅಂತ ನಿಮ್ಮ ಯಜಮಾನರು ಹೇಳುವುದಕ್ಕೂ ನಿಮ್ಮ ಪರಿಚಯವೇ ಇಲ್ಲದವರು ಪರೀಕ್ಷೆ ಮಾಡಿ ಹೇಳುವುದಕ್ಕೂ ವ್ಯತ್ಯಾಸ ಇದೆ. ಒಂದೇ ಡಾಕ್ಟರ ಹತ್ತಿರ ಕಲಿತವರಿಗೆ ಆ ಡಾಕ್ಟರ ಪದ್ಧತಿ ಮಾತ್ರ ಗೊತ್ತಿರುತ್ತದೆ. ಮದುವೆಯಾಗಿ ಮಂಗಳೂರಿಗೋ ಪುಣೆಗೋ ಹೋದರೆ ಆ ಅನುಭವಕ್ಕೆ ಸಾಕ್ಷಿ ಇಲ್ಲ, ಮತ್ತೆ ಹೆಲ್ಪರ್ ಸಂಬಳದಿಂದ ಶುರು.

ಅಮೆರಿಕದಲ್ಲಿ ಈ ಕೆಲಸಕ್ಕೇ ಅಂತ 1969ರಲ್ಲೇ ಒಂದು ಸಂಸ್ಥೆ ಹುಟ್ಟಿತು, ಈಗ ಐಜೆಸಿಎಎಚ್‌ಪಿಒ ಅನ್ನುತ್ತಾರೆ. ಅಸಿಸ್ಟೆಂಟ್, ಟೆಕ್ನೀಷಿಯನ್, ಟೆಕ್ನಾಲಜಿಸ್ಟ್ ಅಂತ ಮೂರು ಮೆಟ್ಟಿಲು. ನನಗೆ ಇಷ್ಟವಾದದ್ದು ಏನೆಂದರೆ ಅಲ್ಲಿ ಸರ್ಟಿಫಿಕೇಟ್ ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ನಡುವೆ ಕಲಿಯುತ್ತಾ ಇದ್ದೀರಿ ಅಂತ ತೋರಿಸಬೇಕು. ನಮ್ಮಲ್ಲಿ ಒಮ್ಮೆ ಫ್ರೇಮ್ ಹಾಕಿ ಗೋಡೆಗೆ ಹೊಡೆದರೆ ಮುಗಿಯಿತು. ನಮ್ಮ ದೇಶದಲ್ಲಿ 2021ರಲ್ಲಿ ಅಲೈಡ್ ಹೆಲ್ತ್ ಕೆಲಸಗಾರರಿಗೆ (ಡಾಕ್ಟರು, ನರ್ಸು ಬಿಟ್ಟು ಚಿಕಿತ್ಸೆಗೆ ನೆರವಾಗುವ ಉಳಿದವರಿಗೆ) ಅಂತಲೇ ಕಾನೂನು ಬಂತು, ಅದರ ಪಟ್ಟಿಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವ ಆಪ್ಟೋಮೆಟ್ರಿಸ್ಟ್, ನೇತ್ರ ಸಹಾಯಕರು, ವಿಷನ್ ಟೆಕ್ನೀಷಿಯನ್ ಎಲ್ಲ ಇದ್ದಾರೆ. ನಮ್ಮನ್ನು ಒಂದು ಕಾನೂನು ಹೆಸರು ಹಿಡಿದು ಕರೆದದ್ದೇ ನನಗೆ ಖುಷಿ.

ಇದು ದೊಡ್ಡ ಡಾಕ್ಟರ ಹಿಂದೆ ನಿಲ್ಲುವ ಸಣ್ಣ ಕೆಲಸ ಅಂತ ಭಾವಿಸಬೇಡಿ. ಕಣ್ಣಿನ ಸರ್ಜನ್ ಡಾ. ಎಂ. ಸಿ. ಮೋದಿಯವರ ಕ್ಯಾಂಪಿನ ಕಥೆ ನಮ್ಮ ಹಿರಿಯರು ಈಗಲೂ ಹೇಳುತ್ತಾರೆ, ಒಂದೇ ದಿನ ನೂರಾರು ಆಪರೇಷನ್. ಪಕ್ಕದಲ್ಲಿ ರೋಗಿಯನ್ನು ಸಿದ್ಧ ಮಾಡಿ, ಪಟ್ಟಿ ಕಟ್ಟಿ, ಮುಂದಿನವರನ್ನು ಮಲಗಿಸುವ ಕೈಗಳು ಇಲ್ಲದೆ ಅದು ಆಗುತ್ತಿತ್ತಾ? ಮದುರೈಯ ಅರವಿಂದ ಆಸ್ಪತ್ರೆ 1976ರಲ್ಲಿ 11 ಹಾಸಿಗೆಯಲ್ಲಿ ಶುರುವಾದದ್ದು. ಅವರು ಹಳ್ಳಿಯ ಹೆಣ್ಣುಮಕ್ಕಳನ್ನು ಶಾಲೆ ಮುಗಿದ ಕೂಡಲೇ ಆರಿಸಿ ಎರಡು ವರ್ಷ ತರಬೇತಿ ಕೊಟ್ಟು ತಯಾರು ಮಾಡುತ್ತಾರೆ. ಅಲ್ಲಿ ಸರ್ಜನ್ ಒಂದು ಟೇಬಲ್ ಮುಗಿಸಿ ತಿರುಗುವಷ್ಟರಲ್ಲಿ ಪಕ್ಕದ ಟೇಬಲ್ ಸಿದ್ಧ. ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯವರು ಸುಮಾರು 50,000 ಜನಕ್ಕೆ ಒಂದು ವಿಷನ್ ಸೆಂಟರ್ (ಕಣ್ಣು ಪರೀಕ್ಷೆಯ ಸಣ್ಣ ಕೇಂದ್ರ) ಅಂತ ಮಾಡಿ ತರಬೇತಾದ ಟೆಕ್ನೀಷಿಯನ್ನರನ್ನು ಕೂರಿಸಿದರು. 2015ರಿಂದ 2019ರ ತನಕ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ವರ್ಷ ಮತ್ತು ಮೇಲ್ಪಟ್ಟವರ ಕುರುಡಿಗೆ ಕಾರಣ ಶೇ 66.2ರಷ್ಟು ಚಿಕಿತ್ಸೆಯಾಗದ ಪೊರೆಯೇ. ಪೊರೆ ಇದೆ ಅಂತ ಮೊದಲು ಹುಡುಕಬೇಕಾದವರು ಊರಲ್ಲೇ ಇರಬೇಕು ಅಲ್ವಾ?

ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ವರ್ಷಗಟ್ಟಲೆ ಕೂಗುತ್ತಿದ್ದೇವೆ. ಬೇಕು, ನಾನೂ ಕೂಗಿದವಳೇ. ಆದರೆ ಜೋಯಿಡಾದ ಕಾಡೊಳಗಿಂದ ಬರೀ ಕನ್ನಡಕಕ್ಕೆ ಅಂತ ಒಂದು ದಿನದ ಕೂಲಿ ಬಿಟ್ಟು ಬರುವವರಿಗೆ ಬೇಕಾದದ್ದು ಅದಲ್ಲ. ಅಲ್ಲೇ ಹತ್ತಿರ ಸರಿಯಾಗಿ ಕಲಿತ ಒಬ್ಬರು ಕೂತಿದ್ದರೆ ಕನ್ನಡಕದವರನ್ನು ಅಲ್ಲೇ ಮುಗಿಸಿ, ಉಳಿದವರನ್ನು ಮಾತ್ರ ಘಟ್ಟ ಇಳಿಸಬಹುದು. ಅವರಿಗೆ ತಾವು ಎಲ್ಲಿ ನಿಲ್ಲಬೇಕು ಅನ್ನುವುದೂ ಗೊತ್ತಿರಬೇಕು. ಔಷಧ ಬರೆಯುವುದು ನಮ್ಮ ಕೆಲಸ ಅಲ್ಲ. ಅರ್ಧ ಕಲಿತವರು ಅದನ್ನೇ ಮೊದಲು ಮಾಡುತ್ತಾರೆ.

ಕೋರ್ಸ್ ಅಂದ ಕೂಡಲೇ ಎಲ್ಲ ಒಳ್ಳೆಯದೂ ಅಲ್ಲ. "ಆರು ತಿಂಗಳಲ್ಲಿ ಗ್ಯಾರಂಟಿ ಕೆಲಸ" ಅಂತ ಫ್ಲೆಕ್ಸ್ ಹಾಕುವವರಿದ್ದಾರೆ. ಡಿಪ್ಲೊಮಾ ಆದರೆ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ಮಾನ್ಯತೆ ಇದೆಯಾ ನೋಡಿ. ಆಪ್ಟೋಮೆಟ್ರಿ ಡಿಗ್ರಿ ಆದರೆ ಯಾವ ವಿಶ್ವವಿದ್ಯಾಲಯ ಅಂತ ಕೇಳಿ. ಇನ್ನೊಂದು ಮುಖ್ಯ ಪ್ರಶ್ನೆ: ಕಾಲೇಜಿಗೆ ಆಸ್ಪತ್ರೆ ಇದೆಯಾ, ಅಲ್ಲಿ ನಿಜವಾದ ರೋಗಿಗಳು ಬರುತ್ತಾರಾ? ಎರಡು ವರ್ಷ ಮಣೆ ಮೇಲೆ ಈಜು ಕಲಿತ ಹಾಗಾದರೆ ದುಡ್ಡು ದಂಡ. ಸಾಧ್ಯವಾದರೆ ಹೋಗಿ ಸೀನಿಯರ್ ಹುಡುಗಿಯರನ್ನು ಮಾತಾಡಿಸಿ, ಅವರು ನಿಜ ಹೇಳುತ್ತಾರೆ.

ಸಂಬಳದ ವಿಷಯ ಹೇಳದಿದ್ದರೆ ಅನ್ಯಾಯ ಆಗುತ್ತದೆ. ನಾನು ಹಿಂದೆ ಇದ್ದ ಒಂದು ಕಡೆ ಕೋರ್ಸ್ ಮಾಡಿದವಳಿಗೂ ಮಾಡದವಳಿಗೂ ಸಂಬಳ ಒಂದೇ. ಕೇಳಿದರೆ "ಕಲಿಸಿದ್ರೆ ಬಿಟ್ಟು ಹೋಗ್ತೀರಿ" ಅನ್ನುತ್ತಿದ್ದರು. ಹೋಗುತ್ತಾರೆ, ಕೆಲವರು. ಕಲಿಯದೇ ಇದ್ದವರು ಉಳಿದರೆ ನಷ್ಟ ಯಾರಿಗೆ ಅಂತ ಆ ಲೆಕ್ಕ ಯಾರೂ ಹಾಕುವುದಿಲ್ಲ. ಫೀಸಿನ ಅರ್ಧ ಆಸ್ಪತ್ರೆ ಕೊಟ್ಟು, ಎರಡು ವರ್ಷ ಇರಬೇಕು ಅಂತ ಬರೆಸಿಕೊಂಡರೆ ಇಬ್ಬರಿಗೂ ಸರಿ.

ಈಗಾಗಲೇ ಕೆಲಸದಲ್ಲಿ ಇರುವವರು ಕೋರ್ಸಿಗೆ ಹೋಗಲು ಆಗದಿದ್ದರೆ ಒಂದು ಕೆಲಸ ಇವತ್ತೇ ಶುರು ಮಾಡಬಹುದು. ಪೊರೆ ಆಪರೇಷನ್ ಆದವರಿಗೆ ಯಾವ ನಂಬರ್ ಬರಬೇಕಿತ್ತು, ಒಂದು ತಿಂಗಳ ನಂತರ ಯಾವ ನಂಬರ್ ಬಂತು, ಅಳತೆ ತೆಗೆದವರು ಯಾರು, ಇಷ್ಟನ್ನು ಒಂದು ರಿಜಿಸ್ಟರ್‌ನಲ್ಲಿ ಬರೆಯಿರಿ. ಕೆಲವು ತಿಂಗಳಲ್ಲಿ ಯಾರ ಕೈ ಒತ್ತುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ, ಯಾರೂ ಯಾರನ್ನೂ ಬೈಯಬೇಕಾಗಿಲ್ಲ. ನಾವು ಇಟ್ಟಿರುವ ರಿಜಿಸ್ಟರಿನ ಕಾಲಂಗಳು ಬೇಕಿದ್ದವರು ಕೇಳಿ, ಖಾಲಿ ಪುಟದ ಫೋಟೊ ಕಳಿಸುತ್ತೇನೆ.