ಡಕೋಟಾ ಕವಿತೆಯೂ ಯಲಬುರ್ಗಾದ ಹಂತಿ ಪದವೂ

ಗ್ವೆನ್ ವೆಸ್ಟರ್‌ಮನ್ ಅವರ ಕವಿತೆಯೊಂದನ್ನು ಓದಿ ವಾರವಾಯಿತು. ಅದರ ಶೀರ್ಷಿಕೆ ಇನ್ನೂ ನನ್ನ ನಾಲಿಗೆಯ ಮೇಲಿದೆ. ‘ವಿಚಾಂಖ್ಪಿ ಹೆಚಿಯಾ ತಾಂಹಾಂ ಊಂಹಿಪಿ’. ಅಮೆರಿಕದ ಮೂಲನಿವಾಸಿಗಳಾದ ಡಕೋಟಾ ಜನರ ನುಡಿಯ ಈ ನಾಲ್ಕು ಪದಗಳಿಗೆ ‘ನಕ್ಷತ್ರಗಳಿಂದ ಬಂದೆವು’ ಎಂದು ಅರ್ಥ. ಬಿಡಿಸಿ ನೋಡಿದರೆ ಮೊದಲು ನಕ್ಷತ್ರ, ಆಮೇಲೆ ‘ಅಲ್ಲಿ’, ಅದರ ಹಿಂದೆ ‘ಇಂದ’, ಕೊನೆಗೆ ‘ಬಂದೆವು’. ಇಂಗ್ಲಿಷಿಗೆ ತರಬೇಕಾದರೆ ಈ ಸಾಲನ್ನು ಹಿಂದುಮುಂದು ಮಾಡಬೇಕು. ಕನ್ನಡದಲ್ಲಿ ಅದು ಇದ್ದಂತೆಯೇ ಬಂದು ಕೂರುತ್ತದೆ. ‘ನಾವು’ ಎಂಬುದನ್ನು ಬೇರೆ ಹೇಳದೆ ಕ್ರಿಯಾಪದದೊಳಗೇ ಇರಿಸುವ ರೀತಿಯೂ ನಮ್ಮದರಂತೆಯೇ ಇದೆ. ಎರಡು ನುಡಿಗಳಿಗೂ ಯಾವ ನಂಟೂ ಇಲ್ಲವೆಂದು ತಿಳಿದಿದ್ದರೂ ಕೊಪ್ಪಳದಲ್ಲಿ ಕುಳಿತ ನನಗೆ ಆ ಸಾಲು ಬಳಗದವರ ಮಾತಿನಂತೆ ಕೇಳಿಸಿತು.

ಡಕೋಟಾ ನುಡಿಗೆ ನಿಘಂಟಿನ ಕೊರತೆಯಿರಲಿಲ್ಲ. ಮಿಶನರಿ ಸ್ಟೀಫನ್ ರಿಗ್ಸ್ ಸಂಪಾದಿಸಿದ ವ್ಯಾಕರಣ ಮತ್ತು ನಿಘಂಟು 1852ರಲ್ಲಿಯೇ ಅಚ್ಚಾಗಿತ್ತು. ಅದಾದ ಹತ್ತು ವರ್ಷಕ್ಕೆ, ಅಮೆರಿಕದ ಸರ್ಕಾರಕ್ಕೂ ಡಕೋಟಾ ಜನರಿಗೂ ನಡೆದ 1862ರ ಯುದ್ಧ ಮುಗಿದ ಮೇಲೆ, ಡಿಸೆಂಬರ್ 26ರಂದು ಮ್ಯಾಂಕೇಟೊ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೇ ಗಲ್ಲಿಗೇರಿಸಿದರು. ಮರುವರ್ಷ ಕಾನೂನು ಮಾಡಿ ಆ ಜನರನ್ನು ಮಿನೆಸೋಟ ರಾಜ್ಯದಿಂದಲೇ ಹೊರಗಟ್ಟಿದರು. ಆ ರಾಜ್ಯದ ಹೆಸರು ಮಾತ್ರ ಇವತ್ತಿಗೂ ಡಕೋಟಾ ಮಾತೇ. ಅದರೊಳಗಿನ ‘ಮ್ನಿ’ ಎಂದರೆ ನೀರು. ಮುಂದೆ ವಸತಿ ಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ ಕಾದಿತ್ತು. ನಿಘಂಟು ಕಪಾಟಿನಲ್ಲಿ ಭದ್ರವಾಗಿದ್ದಾಗಲೇ ನುಡಿ ಬಾಯಿಗಳಿಂದ ಮರೆಯಾಗುತ್ತಿತ್ತು.

ಅದೇ ಮ್ಯಾಂಕೇಟೊದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು ವೆಸ್ಟರ್‌ಮನ್. 2021ರಲ್ಲಿ ಅವರು ಮಿನೆಸೋಟದ ರಾಜ್ಯಕವಿಯಾದರು. ಆ ಗೌರವ ಪಡೆದ ಮೊದಲ ಮೂಲನಿವಾಸಿ ಅವರೇ. ಇಂಗ್ಲಿಷ್ ಸಾಲುಗಳ ನಡುವೆ ಅವರು ಡಕೋಟಾ ಸಾಲುಗಳನ್ನು ಇಡುತ್ತಾರೆ. ಓದುವವನು ಅಲ್ಲಿ ನಿಂತು, ಬಾಯಿಬಿಟ್ಟು ಉಚ್ಚರಿಸದೆ ಮುಂದೆ ಹೋಗಲಾರ. ನಿಘಂಟು ಪದವನ್ನು ಕಾಯುತ್ತದೆ ನಿಜ, ಆದರೆ ಒಂದು ಪದದ ಬೆನ್ನಿಗೆ ಯಾವುದು ಬರಬೇಕು, ಉಸಿರು ಎಲ್ಲಿ ನಿಲ್ಲಬೇಕು ಎಂಬುದನ್ನು ಬಾಯಿಪಾಠವಾದ ಕವಿತೆ ಕಾಯುತ್ತದೆಂದು ನಾನು ನಂಬಿದ್ದೇನೆ.

ಇಷ್ಟು ಖಚಿತವಾಗಿ ಹೇಳುವುದಕ್ಕೆ ನಮ್ಮ ಸೋದರಮಾವ ಕಾರಣ. ಯಲಬುರ್ಗಾ ಸೀಮೆಯ ಅವರ ಹೊಲದಲ್ಲಿ ಹಿಂದೆಲ್ಲ ಕಣ ಮಾಡಿ, ನಡುವೆ ಮೇಟಿ ಎಂಬ ಕಂಬ ನೆಟ್ಟು, ಅದರ ಸುತ್ತ ಎತ್ತುಗಳ ಸಾಲು, ಅಂದರೆ ಹಂತಿ, ಕಟ್ಟಿ ರಾತ್ರಿಯೆಲ್ಲ ಜೋಳದ ತೆನೆ ತುಳಿಸುತ್ತಿದ್ದರು. ನಿದ್ದೆ ಬಾರದಿರಲೆಂದು ಹಂತಿ ಪದ ಹಾಡುತ್ತಿದ್ದರು. ರಾಶಿ ಮಾಡುವ ಮಷಿನ್ ಬಂದ ಮೇಲೆ ಕಣವೂ ಹೋಯಿತು, ಹಾಡುವ ಸಂದರ್ಭವೂ ಹೋಯಿತು. ಮೇಟಿ, ಹಂತಿ ಎಂಬ ಪದಗಳು ನನಗೆ ಗೊತ್ತು, ಆದರೆ ಒಂದು ಹಂತಿ ಪದವನ್ನೂ ಪೂರ್ತಿ ಹಾಡಲು ನನಗೆ ಬಾರದು ಎಂಬ ಸಂಕಟಕ್ಕೆ ಮೊನ್ನೆ ಭಾನುವಾರ ಫೋನು ಹಿಡಿದು ಅವರ ಮುಂದೆ ಕುಳಿತೆ. ಎರಡು ನುಡಿ ಹಾಡಿ ತಡೆದರು. “ಕುಂತು ಹಾಡಂದ್ರ ಬರಂಗಿಲ್ಲ ಅಳಿಯಾ, ಎತ್ತಿನ ಹಿಂದ ನಡೀಬೇಕು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು, ಅಂಗಳದ ಬೇವಿನ ಗಿಡದ ಸುತ್ತ ನಿಧಾನವಾಗಿ ನಡೆಯತೊಡಗಿದರು. ಎರಡನೆಯ ಸುತ್ತಿಗೆ ಮೂರನೆಯ ನುಡಿ ಬಂತು.